ಉಪಕರಣಕ್ಕಿಂತ ಮೊದಲಿನ ನಂಟು

ಆಲ್ಕೊಳ ವೃತ್ತದಲ್ಲಿ ತರಕಾರಿ ಕೊಂಡು ಮೊಬೈಲಿನಿಂದ ಹಣ ಪಾವತಿಸುವಾಗ ಆ ಸೌಲಭ್ಯದ ಚರಿತ್ರೆಯನ್ನು ನೆನೆದಿದ್ದೀರಾ? ನಮ್ಮಲ್ಲಿ ಯುಪಿಐ ಆರಂಭವಾದದ್ದು 2016ರಲ್ಲಿ. ಆಫ್ರಿಕಾದ ಕೀನ್ಯಾದಲ್ಲಿ 2007ರ ಮಾರ್ಚಿನಲ್ಲಿಯೇ ‘ಎಂ-ಪೆಸಾ’ ಬಳಕೆಗೆ ಬಂದಿತ್ತು. ಸ್ವಾಹಿಲಿ ಭಾಷೆಯಲ್ಲಿ ‘ಪೆಸಾ’ ಎಂದರೆ ಹಣ. ನಮ್ಮ ಪೈಸೆಯ ಬಂಧು.

2005ರಲ್ಲಿ ಅದರ ಪ್ರಯೋಗ ನಡೆದಾಗ ಉದ್ದೇಶ ಬೇರೆಯಿತ್ತು: ಸಣ್ಣ ವ್ಯಾಪಾರಿಗಳು ಕಿರುಸಾಲದ ಕಂತನ್ನು ಫೋನಿನ ಮೂಲಕ ಕಟ್ಟಬೇಕೆಂಬುದು. ಜನರಾದರೋ ಅದರಿಂದ ಒಬ್ಬರಿಗೊಬ್ಬರು ಹಣ ಕಳುಹಿಸತೊಡಗಿದರು. ನಿರ್ಮಾಪಕರು ಜನರಿಂದ ಕಲಿತು ಉದ್ದೇಶವನ್ನೇ ಬದಲಿಸಿದರು. ಅಲ್ಲಿ ನೆಂಟಸ್ತಿಕೆಯೂ ‘ಚಾಮಾ’ ಎಂಬ ಉಳಿತಾಯ ಕೂಟಗಳೂ ಮೊದಲೇ ಇದ್ದವು. ಫೋನು ಆ ಹಳೆಯ ಹಾದಿಯಲ್ಲೇ ಸಾಗಿತು.

ನಮ್ಮ ನಾಡಿನ ಕಥೆಯೂ ಇಂಥದೇ. 1980ರ ದಶಕದಲ್ಲಿ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಪೋಷಿಸಿದಂಥ ಸ್ವಸಹಾಯ ಗುಂಪುಗಳಿಗೆ 1992ರಲ್ಲಿ ನಬಾರ್ಡ್ ಯೋಜನೆಯಿಂದ ಬ್ಯಾಂಕಿನ ಬಾಗಿಲು ತೆರೆಯಿತು. ಅಡವಿಡಲು ಏನೂ ಇಲ್ಲದ ಮಹಿಳೆಯರಿಗೆ ಗುಂಪಿನ ಮಾತೇ ಜಾಮೀನಾಯಿತು.

ಪಾಠ ಹಳೆಯದು. ಸಂತ ಪೌಲರು ಕೊರಿಂಥದಲ್ಲಿ ಅಕ್ವಿಲ, ಪ್ರಿಸಿಲ್ಲ ದಂಪತಿಗಳ ಮನೆಯಲ್ಲಿ ತಂಗಿದ್ದು ಗುಡಾರ ಮಾಡುವ ಒಂದೇ ಕಸುಬಿನ ನಂಟಿನಿಂದ. ಆ ಪರಿಚಯವೇ ಮುಂದೆ ಶುಭಸಂದೇಶದ ಸೇವೆಗೆ ಆಸರೆಯಾಯಿತು.

ಫೋನು ಹಣವನ್ನು ಕ್ಷಣದಲ್ಲಿ ಮುಟ್ಟಿಸುತ್ತದೆ. ಕಂತು ತಪ್ಪಿದ ವಿಧವೆಯ ಮನೆಗೆ ಹೋಗಿ ಕಾರಣ ಕೇಳಲಾರದು. ನಿಮ್ಮ ಧರ್ಮಕೇಂದ್ರದ ಗುಂಪಿನ ಸಭೆಗೆ ಬರುವುದನ್ನು ನಿಲ್ಲಿಸಿದ ಸಹೋದರಿಯ ಹೆಸರು ನಿಮಗೆ ನೆನಪಿದೆಯೇ? ಈ ಭಾನುವಾರ ಬಲಿಪೂಜೆಯ ಬಳಿಕ ಆಕೆಯ ಮನೆಯ ಕಡೆಗೊಮ್ಮೆ ನಡೆಯಿರಿ.