ಡೊಂಬಿವಲಿ ಕ್ಲಾಸಿನ ಸೊನ್ನೆ

ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಠಾಣೆ ಕಡೆಯ ಲೋಕಲ್‌ಗೆ ಕಾದವರು ಒಮ್ಮೆಯಾದರೂ ತಲೆ ಎತ್ತಿ ನೋಡಿರ್ತೀರಿ. ಹಳಿಗಳ ಮೇಲೆ ಎರಡು ತಂತಿ. ಕೆಳಗಿನದು ಹೆಚ್ಚುಕಡಿಮೆ ನೇರ. ಮೇಲಿನದು ಮಾತ್ರ ಕಂಬದಿಂದ ಕಂಬಕ್ಕೆ ಜೋಲು ಬಿದ್ದಿರುತ್ತೆ. ರೈಲ್ವೆಯವರು ಅದಕ್ಕೆ ಕ್ಯಾಟೆನರಿ ಅಂತಾರೆ. ಲ್ಯಾಟಿನ್‌ನಲ್ಲಿ ಕಟೇನಾ ಅಂದ್ರೆ ಸರಪಳಿ.

ಎರಡು ತುದಿ ಹಿಡಿದ ಸರಪಳಿ ಯಾವ ಆಕಾರದಲ್ಲಿ ಜೋಲುತ್ತೆ? ಪ್ಯಾರಾಬೋಲಾಗೆ ತುಂಬ ಹತ್ತಿರ ಅಂತ ಗೆಲಿಲಿಯೋ 1638ರಲ್ಲಿ ಬರೆದ. 1690ರಲ್ಲಿ ಯಾಕೋಬ್ ಬರ್ನೂಲಿ ನಿಖರ ಉತ್ತರಕ್ಕಾಗಿ ಸವಾಲು ಹಾಕಿದ. ಮರುವರ್ಷವೇ ಅವನ ತಮ್ಮ ಯೋಹಾನ್, ಲೈಬ್ನಿಟ್ಸ್, ಹೈಗೆನ್ಸ್ ಮೂವರೂ ಉತ್ತರ ಕೊಟ್ಟರು. ಆ ಉತ್ತರವನ್ನೇ ನಾವಿಂದು ಹೈಪರ್ಬಾಲಿಕ್ ಕೊಸೈನ್, ಚಿಕ್ಕದಾಗಿ ‘ಕಾಶ್’ ಅನ್ನೋದು. ಈ ಫಂಕ್ಷನ್‌ಗಳನ್ನು 1757ರ ಸುಮಾರಿಗೆ ಬಳಕೆಗೆ ತಂದವನು ಇಟಲಿಯ ರಿಕಾಟಿ.

ಇನ್ನು ನನ್ನ ಕತೆ. 1989ರಲ್ಲಿ ಆಫೀಸು ಮುಗಿಸಿ ಡೊಂಬಿವಲಿಯ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗ್ತಿದ್ದೆ. ಕಲಿಸ್ತಿದ್ದುದು ಜಿಡಬ್ಲ್ಯು ಬೇಸಿಕ್. ಅದರಲ್ಲಿ ಕಾಶ್ ಇರಲಿಲ್ಲ. ‘ಇ’ಯ ಎಕ್ಸ್ ಘಾತಕ್ಕೆ ‘ಇ’ಯ ಮೈನಸ್ ಎಕ್ಸ್ ಘಾತ ಕೂಡಿಸಿ ಎರಡರಿಂದ ಭಾಗಿಸಿ ನಾವೇ ಮಾಡ್ಕೋಬೇಕು. ದಿನಾ ನೋಡುವ ತಂತಿಯ ಲೆಕ್ಕ ಹಾಕೋಣ ಅಂತ ಪ್ರೋಗ್ರಾಂ ಬರೆದೆ: ಕಾಶ್‌ನಿಂದ ಒಂದು ಕಳೆದು, ಎಳೆತದ ಸಂಖ್ಯೆಯಿಂದ ಗುಣಿಸಿದರೆ ಜೋಲು ಎಷ್ಟು ಅಂತ ಗೊತ್ತಾಗುತ್ತೆ. 72 ಮೀಟರ್ ತಂತಿಯನ್ನು ಕಾಗದದ ಮೇಲೆ ಬಿಗಿ ಮಾಡ್ತಾ ಹೋದೆ. ಎಕ್ಸ್ 0.0001ಕ್ಕೆ ಇಳಿದಾಗ ಉತ್ತರ ಸೊನ್ನೆ ಬಂತು!

ತಂತಿಯನ್ನ ಎಷ್ಟೇ ಎಳೆದರೂ ಚೂರಾದರೂ ಜೋಲಲೇಬೇಕು. ಮಾಸ್ತರರು “ಕಂಪ್ಯೂಟರ್ ತಪ್ಪು ಮಾಡಲ್ಲ, ನಿಮ್ಮ ಫಾರ್ಮುಲಾ ನೋಡ್ಕೊಳ್ಳಿ” ಅಂದರು. ಎಲ್ಲರೂ ನಕ್ಕರು. ಫಾರ್ಮುಲಾ ಸರಿಯಾಗೇ ಇತ್ತು. ಆದರೂ ಇದು ನನ್ನ ತಲೆಗೆ ಹತ್ತೋದಲ್ಲ ಅಂತ ಕ್ಲಾಸು ಬಿಟ್ಟೆ, ಲೆಡ್ಜರಿಗೆ ಮರಳಿದೆ.

ಗುಟ್ಟು ಇಷ್ಟೇ. 0.0001ರ ಕಾಶ್ ಸುಮಾರು 1.000000005. ಆ ಬೇಸಿಕ್ಕಿನ ಮಾಮೂಲಿ ಸಂಖ್ಯೆಗೆ ಏಳು ಅಂಕಿ ಮಾತ್ರ ನೆನಪು. ಕೊನೆಯ 5 ಕಳೆದುಹೋಗಿ ಒಂದು ಉಳೀತು, ಒಂದರಿಂದ ಒಂದು ಕಳೆದರೆ ಸೊನ್ನೆ.

ಹೀಗೆ ಪೆಟ್ಟು ತಿಂದವನು ನಾನೊಬ್ಬನೇ ಅಲ್ಲ ಅಂತ ಆಮೇಲೆ ತಿಳೀತು. 1966ರ ಫೋರ್ಟ್ರಾನ್‌ನಲ್ಲಿ ಹೈಪರ್ಬಾಲಿಕ್ ಟ್ಯಾನ್ ಒಂದೇ ಇತ್ತು. ಸೈನ್, ಕೊಸೈನ್ ಬಂದದ್ದು 1977ರ ಆವೃತ್ತಿಯಲ್ಲಿ. ಸಿ ಭಾಷೆಯ 1989ರ ಸ್ಟ್ಯಾಂಡರ್ಡ್‌ನಲ್ಲಿ ಮೂರೂ ಇದ್ದವು, ಅವುಗಳ ವಿಲೋಮಗಳು 1999ಕ್ಕೆ ಬಂದವು. ‘ಇ’ಯ ಘಾತದಿಂದ ಒಂದು ಕಳೆಯೋದನ್ನೇ ಅಂಕಿ ಕಳೆಯದೆ ಮಾಡುವ ಬೇರೆ ಫಂಕ್ಷನ್ ಕೂಡ ಆಗಲೇ ಸ್ಟ್ಯಾಂಡರ್ಡ್ ಸೇರಿತು. ಜಾವಾಗೆ ಇವೆಲ್ಲ ಸಿಕ್ಕಿದ್ದು 2004ರಲ್ಲಿ, ವಿಲೋಮಗಳನ್ನು ಬಿಟ್ಟು.

2006ರಲ್ಲಿ ನವಿ ಮುಂಬಯಿಯ ಕಾಲೇಜಿನಲ್ಲಿ ಓದ್ತಿದ್ದ ಮಗ ಜಾವಾ ಪುಸ್ತಕ ಹರಡಿಕೊಂಡು ಕೂತಿದ್ದಾಗ ಹಳೇ ಕತೆ ಹೇಳಿದೆ. ಅವನು ನಗಲಿಲ್ಲ. “ಅಪ್ಪಾ, ಕಳೀಬೇಡ. ಎಕ್ಸ್‌ನ ಅರ್ಧಕ್ಕೆ ಹೈಪರ್ಬಾಲಿಕ್ ಸೈನ್ ತೆಗೆದು ವರ್ಗ ಮಾಡಿ ಎರಡರಿಂದ ಗುಣಿಸು. ಕಾಶ್ ಮೈನಸ್ ಒಂದು ಅಂದ್ರೂ ಅದೇ” ಅಂದ. ಟೈಪ್ ಮಾಡಿದೆವು. ನನ್ನ ತಂತಿಯ ಜೋಲು 1.8 ಮಿಲಿಮೀಟರ್ ಅಂತ ಬಂತು. ಈ ದಾರಿ ಗೊತ್ತಿದ್ದರೆ ಆ ಬೇಸಿಕ್ಕಿನಲ್ಲೂ ಉತ್ತರ ಸಿಗ್ತಿತ್ತು.

1.8 ಮಿಲಿಮೀಟರ್! ಅಷ್ಟಕ್ಕೆ ಹದಿನೇಳು ವರ್ಷ ನನ್ನನ್ನೇ ದಡ್ಡ ಅಂದ್ಕೊಂಡಿದ್ದೆ. ಈಗ ಯಾರಾದರೂ ಹುಡುಗರು “ಲೆಕ್ಕ ಸರಿ, ಉತ್ತರ ಮಾತ್ರ ಸೊನ್ನೆ ಬರ್ತಿದೆ ಅಂಕಲ್” ಅಂದ್ರೆ, ಮೊದಲು ಪಕ್ಕದಲ್ಲಿ ಕೂತು ನೋಡ್ತೀನಿ.