ಕಂಪನಿ ಹೇಳುವ ಮೈಲೇಜ್ 18, ನಿಮ್ಮ ಎಸ್‌ಯುವಿ ಕೊಡುವುದು 12: ಹಾಗಾದರೆ ಸುಳ್ಳು ಯಾರದು?

‘ಕಂಪನಿಯವರು 18 ಅಂದರು, ಗಾಡಿ ಕೊಡುವುದು 12. ಪಂಪಿನಲ್ಲಿ ಕಡಿಮೆ ಹಾಕುತ್ತಾರೆ, ಎಲ್ಲರಿಗೂ ಕಳಿಸಿ’ ಎನ್ನುವಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಕಲಬುರಗಿ ಕಡೆ ಎಸ್‌ಯುವಿ ಕೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ‘ಎವರೇಜ್ ಎಷ್ಟು ಕೊಡ್ತದ?’ ಎಂಬುದು. ಆದರೆ ಉತ್ತರ ಕೊಡುವವರಲ್ಲಿ ಸರಿಯಾಗಿ ಅಳೆದವರು ಕಡಿಮೆ. ಅಳೆಯದೆ ಪಂಪಿನವರನ್ನಾಗಲಿ ಕಂಪನಿಯನ್ನಾಗಲಿ ಬೈದು ಪ್ರಯೋಜನವಿಲ್ಲ.

ಮೊದಲು ಕಂಪನಿಯ ಅಂಕಿ ಎಲ್ಲಿಂದ ಬರುತ್ತದೆ ನೋಡೋಣ. ಪುಣೆಯ ಎಆರ್‌ಎಐಯಂಥ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಗಾಡಿಯನ್ನು ರಸ್ತೆಯಲ್ಲಿ ಅಲ್ಲ, ಪ್ರಯೋಗಾಲಯದ ರೋಲರ್‌ಗಳ ಮೇಲೆ ಓಡಿಸುತ್ತಾರೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಈ ಪರೀಕ್ಷಾ ಕ್ರಮದಲ್ಲಿ ಒಟ್ಟು ಓಟ 1180 ಸೆಕೆಂಡ್, ಅಂದರೆ 20 ನಿಮಿಷಕ್ಕೂ ಕಡಿಮೆ. ದೂರ 11 ಕಿ.ಮೀ.ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಎಸಿ ಬಂದ್. ಕೋಣೆಯ ಉಷ್ಣಾಂಶ 20ರಿಂದ 30 ಡಿಗ್ರಿ. ಈಗ ಇದನ್ನು ಮೇ ತಿಂಗಳ ಕಲಬುರಗಿಗೆ ಹೋಲಿಸಿ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಎಸಿ ಫುಲ್, ಬ್ರಹ್ಮಪುರದ ಇಕ್ಕಟ್ಟಾದ ರಸ್ತೆಯಲ್ಲಿ ಆಟೋ ಹಿಂದೆ ಒಂದನೇ, ಎರಡನೇ ಗೇರ್. ನಿಂತ ಗಾಡಿಯ ಎಂಜಿನ್ ಇಂಧನ ಕುಡಿಯುತ್ತಲೇ ಇರುತ್ತದೆ, ಕಿಲೋಮೀಟರ್ ಮಾತ್ರ ಸೊನ್ನೆ. ಹೀಗಾಗಿ ಕಂಪನಿಯ ಸಂಖ್ಯೆ ಸುಳ್ಳಲ್ಲ, ಆದರೆ ಅದು ನಿಮ್ಮ ರಸ್ತೆಯ ಸಂಖ್ಯೆಯೂ ಅಲ್ಲ. ಒಂದು ಮಾಡೆಲನ್ನು ಇನ್ನೊಂದರ ಜತೆ ಹೋಲಿಸಲು ಮಾತ್ರ ಅದು ಒಳ್ಳೆಯದು.

ಸರಿಯಾಗಿ ಅಳೆಯುವುದು ಹೇಗೆ?

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ಪೂರ್ತಿ ನಂಬಬೇಡಿ. ಅದು ಕಂಪ್ಯೂಟರ್ ಹಾಕಿದ ಅಂದಾಜು, ಎಷ್ಟೋ ಗಾಡಿಗಳಲ್ಲಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ‘500 ರೂಪಾಯಿ ಹಾಕಿಸಿದೆ, ಮುಳ್ಳು ಇಷ್ಟು ಇಳಿಯಿತು’ ಎಂಬ ಲೆಕ್ಕವಂತೂ ಲೆಕ್ಕವೇ ಅಲ್ಲ.

ನಂಬಬಹುದಾದದ್ದು ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್ ಲೆಕ್ಕ. ನಾಝಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಅಲ್ಲಿಗೇ ನಿಲ್ಲಿಸಿ. ರೌಂಡ್ ಫಿಗರ್ ಮಾಡಲೆಂದು ಮೇಲೆ ಮೇಲೆ ಹಾಕಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ 300-400 ಕಿ.ಮೀ. ಓಡಿಸಿದ ಮೇಲೆ ಅದೇ ಪಂಪಿಗೆ, ಸಾಧ್ಯವಾದರೆ ಅದೇ ಯಂತ್ರದ ಮುಂದೆ, ಅದೇ ದಿಕ್ಕಿಗೆ ನಿಲ್ಲಿಸಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ನೆಲ ಒಂದು ಕಡೆ ವಾಲಿದ್ದರೂ ಟ್ಯಾಂಕಿನಲ್ಲಿ ಹಿಡಿಯುವ ಪ್ರಮಾಣ ಬದಲಾಗುತ್ತದೆ. ಉದಾಹರಣೆಗೆ, ಓಡಿದ್ದು 412 ಕಿ.ಮೀ., ಎರಡನೇ ಸಲ ಹಿಡಿದದ್ದು 33.5 ಲೀಟರ್ ಆದರೆ ಮೈಲೇಜ್ 12.3.

ಇಷ್ಟು ದೂರ ಯಾಕೆ ಎಂದರೆ, ತುಂಬುವಾಗ ಅರ್ಧ ಲೀಟರ್ ಆಚೀಚೆ ಆಗುವುದು ಸಹಜ. 10 ಲೀಟರ್ ಲೆಕ್ಕದಲ್ಲಿ ಅದು ಶೇ 5ರ ತಪ್ಪು, 40 ಲೀಟರ್ ಲೆಕ್ಕದಲ್ಲಿ ಶೇ 1.25 ಮಾತ್ರ. ಮೂರ್ನಾಲ್ಕು ಸಲ ಮಾಡಿದರೆ ಇನ್ನೂ ಒಳ್ಳೆಯದು. ಆಗ ಬಂದ ಮೈಲೇಜ್‌ಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ, ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರ್‌ನಿಂದ ಭಾಗಿಸಿ. ಊರಲ್ಲಿ 9ರಂತೆ 100 ಕಿ.ಮೀ., ಹೈವೇಯಲ್ಲಿ 15ರಂತೆ 300 ಕಿ.ಮೀ. ಓಡಿದ್ದರೆ ಸರಿಯಾದ ಉತ್ತರ 12 ಅಲ್ಲ, ಸುಮಾರು 12.9.

ಊರಿನ ಓಟ, ಹೈವೇ ಓಟ ಬೇರೆ ಬೇರೆ ಅಳೆಯಿರಿ. ಕಮಲಾಪುರದ ಮೇಲೆ ಹುಮನಾಬಾದ್ ಕಡೆ ಹೋಗಿಬರುವವರು ಹೋಗುವುದನ್ನೂ ಬರುವುದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಏರು, ಇಳಿಜಾರು, ಎದುರುಗಾಳಿ ಆಗ ಬಹುಮಟ್ಟಿಗೆ ಸರಿದೂಗುತ್ತವೆ. ವೇಗವನ್ನೂ ಬರೆದಿಡಿ. ಎಸ್‌ಯುವಿ ಎತ್ತರ, ಅಗಲ ಎರಡೂ ಹೆಚ್ಚು, ಗಾಳಿಯನ್ನು ಸೀಳುವ ಬದಲು ತಳ್ಳಿಕೊಂಡು ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಿಂದ 100ಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗೂ ಹೆಚ್ಚು. ಮೇಲೆ ಕ್ಯಾರಿಯರ್ ಕಟ್ಟಿದ್ದರೆ ಕೇಳುವುದೇ ಬೇಡ.

ಟೈರ್ ಗಾಳಿಯನ್ನು ಗಾಡಿ ತಣ್ಣಗಿದ್ದಾಗ ನೋಡಿಸಿ. ಷೋಕಿಗೆ ದೊಡ್ಡ ಟೈರ್ ಹಾಕಿಸಿದವರಿಗೆ ಇನ್ನೊಂದು ಮಾತು: ಟೈರಿನ ಸುತ್ತಳತೆ ಶೇ 4 ಹೆಚ್ಚಾದರೆ ಮೀಟರ್ ಸುಮಾರು ಅಷ್ಟೇ ಕಡಿಮೆ ದೂರ ತೋರಿಸುತ್ತದೆ, ಮೈಲೇಜ್ ಬಿದ್ದಂತೆ ಕಾಣುತ್ತದೆ. ಹೈವೇಯ ಕಿಲೋಮೀಟರ್ ಕಲ್ಲುಗಳ ಜತೆ ತಾಳೆ ನೋಡಿದರೆ ಗೊತ್ತಾಗುತ್ತದೆ.

ಪೆಟ್ರೋಲ್, ಪಂಪ್‌ಗಳ ಬಗ್ಗೆ

ಇ20 ಪೆಟ್ರೋಲ್‌ನಿಂದ ಮೈಲೇಜ್ ಇಳಿಯುತ್ತದೆ ಎಂಬುದು ನಿಜ, ಅರ್ಧಕ್ಕರ್ಧ ಇಳಿಯುತ್ತದೆ ಎಂಬುದು ಸುಳ್ಳು. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಅದು ಶೇ 20 ಬೆರೆತರೆ ಲೀಟರಿನ ಶಕ್ತಿ ಶೇ 7ರ ಆಸುಪಾಸು ಕಡಿಮೆಯಾಗುತ್ತದೆ. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳಿಗೆ ಶೇ 6-7 ಎಂದೇ ಅಂದಾಜಿಸಿತ್ತು. 18 ಇದ್ದದ್ದು 12 ಆಗಲು ಇದೊಂದೇ ಕಾರಣ ಆಗದು. ಡೀಸೆಲ್ ಗಾಡಿಗೆ ಈ ಮಾತು ಅನ್ವಯಿಸುವುದಿಲ್ಲ.

ಬೆಳಿಗ್ಗೆ ತಂಪಲ್ಲಿ ಹಾಕಿಸಿದರೆ ಹೆಚ್ಚು ಸಿಗುತ್ತದೆ ಎಂಬ ಹಳೇ ಫಾರ್ವರ್ಡ್‌ನಲ್ಲೂ ಹುರುಳಿಲ್ಲ. ಪಂಪಿನ ಟ್ಯಾಂಕ್ ನೆಲದಡಿ ಇರುತ್ತದೆ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅದರ ಉಷ್ಣಾಂಶ ಹೆಚ್ಚು ಬದಲಾಗುವುದಿಲ್ಲ. ಅಳತೆಯ ಮೇಲೇ ಅನುಮಾನವಿದ್ದರೆ ಪಂಪಿನಲ್ಲಿ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇರುತ್ತದೆ. ನಿಮ್ಮ ಮುಂದೆಯೇ ಅಳೆದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಇಷ್ಟೆಲ್ಲ ಮಾಡಿದ ಮೇಲೂ ವ್ಯತ್ಯಾಸ ವಿಪರೀತವಾಗಿದ್ದರೆ ಪಂಪಿನ ಬಿಲ್, ಮೀಟರಿನ ಫೋಟೊ, ಕಂಪನಿಯ ಜಾಹೀರಾತು ಎಲ್ಲವನ್ನೂ ತೆಗೆದಿಡಿ. 2022ರಲ್ಲಿ ಕೇರಳದ ತ್ರಿಶೂರ್ ಗ್ರಾಹಕ ಆಯೋಗ, ಹೇಳಿದ್ದಕ್ಕಿಂತ ಸುಮಾರು ಶೇ 40ರಷ್ಟು ಕಡಿಮೆ ಮೈಲೇಜ್ ಕೊಟ್ಟ ಕಾರಿನ ಪ್ರಕರಣದಲ್ಲಿ ಸುಮಾರು 3 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತ್ತು. ಅಲ್ಲಿಯೂ ತಜ್ಞರು ಗಾಡಿ ಓಡಿಸಿ ಅಳೆದು ಕೊಟ್ಟ ವರದಿ ಸಾಕ್ಷಿಯಾಗಿತ್ತು.