ಬಸುರಿ

ಗರ್ಭ ಧರಿಸಿದವಳು ಎಂಬರ್ಥದ ಕನ್ನಡ ಪದ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಆಡುಮಾತಿನಲ್ಲಿ ‘ಬಸರಿ’. ಹಿರಿಯರ ಮುಂದೆ ಬಾಯಿ ಬಿಟ್ಟು ಹೇಳಲು ಸಂಕೋಚವಾದರೆ ‘ಎರಡು ಜೀವದಾಕಿ’.

ಮೂಲ ಹಳಗನ್ನಡದ ‘ಬಸಿಱ್’. ಅದರ ಮೊದಲ ಅರ್ಥ ಬರೀ ಹೊಟ್ಟೆ, ಗಂಡಸಿಗೂ ಬಸಿಱಿತ್ತು. ತಮಿಳಿನ ‘ವಯಿಱು’ ಇದರ ದಾಯಾದಿ. ತಮಿಳಿನ ‘ವಾ’ ಕನ್ನಡದಲ್ಲಿ ‘ಬಾ’ ಆದಂತೆ ಇಲ್ಲಿಯೂ ವಕಾರಕ್ಕೆ ಬಕಾರ ನಿಂತಿದೆ. ತಮಿಳರಿಗೆ ಅದು ಇಂದಿಗೂ ಉಣ್ಣುವ ಹೊಟ್ಟೆಯೇ. ಕನ್ನಡದಲ್ಲಿ ಉಣ್ಣುವ ಕೆಲಸವನ್ನು ‘ಹೊಟ್ಟೆ’ ವಹಿಸಿಕೊಂಡಿತು, ಬಸಿರಿನ ಪಾಲಿಗೆ ಕೂಸು ಉಳಿಯಿತು.

ಸಂಸ್ಕೃತದ ‘ಗರ್ಭ’ ಎರಡು ದಾರಿಯಲ್ಲಿ ಬಂದಿದೆ. ‘ಗರ್ಭಿಣಿ’ ಆಸ್ಪತ್ರೆಯ ಚೀಟಿಗೆ ಸೇರಿತು. ಪ್ರಾಕೃತದಲ್ಲಿ ಸವೆದು ಬಂದ ‘ಗಬ್ಬ’ ದನದ ಕೊಟ್ಟಿಗೆಗೆ ಹೋಯಿತು. ಆಕಳು ಗಬ್ಬ ಆಗುತ್ತದೆ. ಸೊಸೆಗೆ ಹಾಗೆಂದರೆ ಜಗಳವೇ. ಲ್ಯಾಟಿನ್ನಿನಲ್ಲೂ ಇಂಥದೊಂದು ಪಂಕ್ತಿಭೇದ ಕಾಣುತ್ತದೆ: ‘ಇನ್ಸಿಯೆನ್ಸ್’ ಎಂಬ ಪದವನ್ನು ವಾರೋನಂಥ ಕೃಷಿ ಗ್ರಂಥಕಾರರು ಗಬ್ಬದ ಪಶುಗಳಿಗೆ ಬಳಸಿದ್ದಾರೆ. ಇಟಾಲಿಯನ್ನಿನ ‘ಇಂಚಿಂತಾ’, ಅಂದರೆ ಬಸುರಿ, ಇದರಿಂದಲೇ ಬಂದಿರಬೇಕೆಂಬುದು ಒಂದು ವಾದ. 636ರಲ್ಲಿ ತೀರಿಕೊಂಡ ಸೆವಿಲ್ಲೆಯ ಬಿಷಪ್ ಇಸಿಡೋರ್ ಬೇರೆ ಕಥೆ ಕೊಟ್ಟ: ‘ಇನ್‌ಸಿಂಕ್ತಾ’ ಎಂದರೆ ನಡುಪಟ್ಟಿ ಕಟ್ಟದವಳು, ಹೊಟ್ಟೆ ಬಂದವಳು ಬಿಗಿಯಾಗಿ ಕಟ್ಟಲಾರಳಲ್ಲ! ಹಳೆಯ ಪದದ ಗುರುತು ಮಸುಕಾದಾಗ ಜನ ಕಿವಿಗೆ ಪರಿಚಿತವಾದುದನ್ನು ಅದರಲ್ಲಿ ಕೇಳಿಸಿಕೊಂಡಿರಬಹುದು. ಆದರೂ ಇಸಿಡೋರನ ವಿವರಣೆಯನ್ನು ನಕ್ಕು ಬಿಡುವಂತಿಲ್ಲ.

ಏಕೆಂದರೆ ಬೆಳಗಾವಿ ಸೀಮೆಯಲ್ಲೂ ಬಸಿರಿಗೆ ಉಡುಪಿನ ನಂಟಿದೆ. ಮೈಸೂರು ಕಡೆಯ ಸೀಮಂತ ಇಲ್ಲಿ ‘ಕುಬಸ’. ಸೀಮಂತವೆಂದರೆ ಬೈತಲೆ, ಕುಬಸವೆಂದರೆ ಕುಪ್ಪಸ, ಸಂಸ್ಕೃತದ ‘ಕೂರ್ಪಾಸ’. ತವರಿನವರು ಸೀರೆ, ಕುಬಸ, ಹಸಿರು ಬಳೆ, ಬುತ್ತಿ ತಂದು ಮಗಳ ಉಡಿ ತುಂಬುತ್ತಾರೆ. ‘ಉಡಿ’ಯ ಹಿಂದೆಯೂ ‘ಉಡು’ ಇದೆ: ಸೆರಗು ಮಡಿಲಾದ ಜಾಗ. ರೋಮಿನವಳು ಪಟ್ಟಿ ಬಿಚ್ಚಿದಳೋ ಇಲ್ಲವೋ, ಇಲ್ಲಿಯವಳಿಗೆ ಹೊಸ ಬಟ್ಟೆಯಂತೂ ಖಾತ್ರಿ.

ಸವದತ್ತಿಯ ಗುಡ್ಡದಲ್ಲಿ ಯಲ್ಲಮ್ಮನಿಗೂ ಉಡಿ ತುಂಬುತ್ತಾರೆ. ಆಶ್ವಯುಜದ ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ, ಅಂದರೆ ನೈವೇದ್ಯದ ಅಡಿಗೆ, ಚೆಲ್ಲುವಾಗ ಭೂತಾಯಿಯೇ ಬಸುರಿ. ಗರಿಯ ಮರೆಯಿಂದ ಇನ್ನೂ ಹೊರಬರದ ತೆನೆಗೆ ‘ಹೊಡೆ’ ಎಂದು ಹೆಸರು. ಅದು ಹಳಗನ್ನಡದ ‘ಪೊಡೆ’. ಅರ್ಥ ಹೊಟ್ಟೆ, ಬಸಿರು.